ಆಹಾರ ಮತ್ತು ಪೋಷಣೆಯ ಪದವಿ: ಇರುವ ಹಣವನ್ನೆಲ್ಲ ಮೊದಲ ಮೂರು ವರ್ಷಕ್ಕೇ ಸುರಿಯಬೇಡಿ

ಪ್ರಶ್ನೆ: ನಾನು ಹಿರಿಯೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಪ್ಪ ಮೂರು ಎಕರೆ ಖುಷ್ಕಿ ಜಮೀನಿನಲ್ಲಿ ಶೇಂಗಾ, ಈರುಳ್ಳಿ ಬೆಳೆಯುತ್ತಾರೆ. ತಂಗಿ ಒಂದನೇ ತರಗತಿಯಿಂದ ಪಿಯುವರೆಗೆ ಸರ್ಕಾರಿ ಶಾಲೆ–ಕಾಲೇಜಿನಲ್ಲೇ ಓದಿ, ಪಿಸಿಎಂಬಿಯಲ್ಲಿ ಶೇ. 71 ಅಂಕ ತೆಗೆದಿದ್ದಾಳೆ. ಅವಳ ಸಿಇಟಿ ರ‍್ಯಾಂಕಿಗೆ ಬಿ.ಎಸ್ಸಿ. ಕೃಷಿ ಸಿಗುವುದಿಲ್ಲವಂತೆ. ಅಮ್ಮನ ಸಕ್ಕರೆ ಕಾಯಿಲೆಗಾಗಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಯಟೀಷಿಯನ್ ಮಾತನಾಡಿದ್ದನ್ನು ಕೇಳಿದ ಮೇಲೆ ಅವಳಿಗೆ ಅದನ್ನೇ ಓದಬೇಕೆಂಬ ಹಂಬಲ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಪರವಾಗಿ ಬಂದವರು ವರ್ಷಕ್ಕೆ 1.6 ಲಕ್ಷ ರೂಪಾಯಿ ಶುಲ್ಕ, ಹಾಸ್ಟೆಲ್‌ಗೆ 80 ಸಾವಿರ, ಕೆಲಸ ಖಚಿತ ಎನ್ನುತ್ತಾರೆ. ಈ ವಾರವೇ 25 ಸಾವಿರ ಕಟ್ಟಿ ಮೂಲ ಅಂಕಪಟ್ಟಿ ಕೊಟ್ಟರೆ ಸೀಟು ಹಿಡಿದಿಡುತ್ತಾರಂತೆ. ಗೆಳೆಯನೊಬ್ಬ ದೂರಶಿಕ್ಷಣದಲ್ಲಿ ಓದಿಸು, ಇಲ್ಲವಾದರೆ ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಸಾಕು ಎನ್ನುತ್ತಾನೆ. ನೆಂಟರು ಅಡುಗೆ ಕಲಿಯುವುದಕ್ಕೆ ಕಾಲೇಜು ಯಾಕೆ ಎಂದು ನಗುತ್ತಾರೆ. ನಾನು ಸಾಲ ಮಾಡಿ ಬೆಂಗಳೂರಿಗೆ ಕಳಿಸಲೇ? ಕಡಿಮೆ ಖರ್ಚಿನಲ್ಲಿ ಒಳ್ಳೆಯ ಪದವಿ ಸಿಗುವ ದಾರಿ ಇದೆಯೇ?
— ಒಬ್ಬ ಅಣ್ಣ, ಹಿರಿಯೂರು

ಉತ್ತರ: ದಾರಿ ಇದೆ. ಅದಕ್ಕೂ ಮೊದಲು ಒಂದು ಮಾತು: ಆ 25 ಸಾವಿರವನ್ನು ಈ ವಾರ ಕಟ್ಟಬೇಡಿ, ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬೇಡಿ. ಪರಿಶೀಲನೆಗೆ ಮೂಲ ದಾಖಲೆ ತೋರಿಸುವುದು ಸರಿ. ಆದರೆ ಅದನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲೇ ಹೇಳಿದೆ. ಅದೇ ಅಧಿಸೂಚನೆಯಲ್ಲಿ ಶುಲ್ಕ ವಾಪಸಾತಿಯ ನಿಯಮವೂ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ, ಹೆಚ್ಚೆಂದರೆ 5 ಸಾವಿರ ರೂಪಾಯಿಯ ಪ್ರಕ್ರಿಯಾ ವೆಚ್ಚ ಕಳೆದು ಉಳಿದ ಶುಲ್ಕ ಪೂರ್ತಿ ವಾಪಸು ಬರಬೇಕು. ಆ ಬಳಿಕ ವಾಪಸಾಗುವ ಪಾಲು ಇಳಿಯುತ್ತಾ ಹೋಗಿ, ಕೊನೆಯ ದಿನಾಂಕ ಕಳೆದು 30 ದಿನವಾದ ಮೇಲೆ ಏನೂ ಬರುವುದಿಲ್ಲ. ಈ ನಿಯಮ ಕಾಲೇಜಿಗೆ ಕಟ್ಟಿ ರಸೀದಿ ಪಡೆದ ಹಣದ ಮಾತು. ಮಧ್ಯವರ್ತಿಯ ಮೊಬೈಲಿಗೆ ಹಾಕಿದ ಹಣಕ್ಕೆ ಯಾವ ಅಧಿಸೂಚನೆಯೂ ರಕ್ಷಣೆ ಕೊಡುವುದಿಲ್ಲ. ದಾಖಲೆ ಸಿಕ್ಕಿಹಾಕಿಕೊಂಡದ್ದರಿಂದ ಸರ್ಕಾರಿ ಸೀಟಿನ ಸುತ್ತಿಗೆ ಹಾಜರಾಗಲಾಗದೆ ಅತ್ತ ಹುಡುಗಿಯರನ್ನು ನಾನು ಕಂಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನ್ನ ದನಿ ಸ್ವಲ್ಪ ಗಟ್ಟಿಯೇ ಇರುತ್ತದೆ.

ನಿಮ್ಮ ಪತ್ರದಲ್ಲಿರುವ ಚಿಂತೆ ಎರಡು. ಈ ಓದಿಗೆ ಬೆಲೆ ಇದೆಯೇ ಎಂಬುದು ಮೊದಲನೆಯದು. ಇದ್ದರೆ ನಮ್ಮಂಥವರ ಕೈಗೆ ಎಟುಕುತ್ತದೆಯೇ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೆಂಟರು ಅಂದುಕೊಂಡಂತೆ ಇದು ಅಡುಗೆಯ ಕೋರ್ಸ್ ಅಲ್ಲ. ಪ್ರಯೋಗಾಲಯದಲ್ಲಿ ಒಲೆ ಇರುತ್ತದೆ, ನಿಜ. ಆದರೆ ತರಗತಿಯ ಬಹುಪಾಲು ಹೊತ್ತು ಹೋಗುವುದು ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಿಗೆ. ಎಳನೀರು ಎಲ್ಲರಿಗೂ ಒಳ್ಳೆಯದೆಂದು ನಾವು ನಂಬಿದ್ದೇವೆ. ಮೂತ್ರಪಿಂಡ ಸೋತ ರೋಗಿಗೆ ಅದರಲ್ಲಿರುವ ಪೊಟ್ಯಾಷಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಆ ರೋಗಿಯ ರಕ್ತದ ವರದಿ ಓದಿ, ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ತಿನ್ನುವುದು ಹೇಗೆಂದು ತಿಳಿಸಿ, ಆದರೂ ಊಟ ಬಾಯಿಗೆ ರುಚಿಸುವಂತೆ ನೋಡಿಕೊಳ್ಳುವವಳು ಡಯಟೀಷಿಯನ್. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚೆಂಬುದು ಅಜ್ಜಿಗೂ ಗೊತ್ತು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಅದರಲ್ಲಿ ಎಷ್ಟು ಪಾಲು ಮೈಗೆ ಹತ್ತುತ್ತದೆ, ಮೊಳಕೆ ಬರಿಸಿದರೆ ಏನಾಗುತ್ತದೆ ಎಂಬುದು ಈ ಓದಿನ ವಿಷಯ. ಇಂಥ ತಿಳಿವಳಿಕೆ ನಮ್ಮ ರಾಜ್ಯಕ್ಕೆ ಬೇಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.

ಬೆಲೆ ಇದೆ ಎಂದ ಮಾತ್ರಕ್ಕೆ ಪದವಿ ಮುಗಿದ ಮರುದಿನವೇ ಕೈತುಂಬ ಸಂಬಳ ಬರುತ್ತದೆ ಎಂದುಕೊಳ್ಳಬೇಡಿ. ಕೆಲಸ ಖಚಿತ ಎಂಬ ಮಾತಿನಲ್ಲಿ ಹೆಚ್ಚಿನ ಕುಟುಂಬಗಳು ಮುಗ್ಗರಿಸುವುದು ಇಲ್ಲಿಯೇ. ಈ ಕ್ಷೇತ್ರದಲ್ಲಿ ಬಿ.ಎಸ್ಸಿ. ಎಂಬುದು ಅರ್ಧ ದಾರಿ. ಆಸ್ಪತ್ರೆಯಲ್ಲಿ ಸ್ವತಂತ್ರವಾಗಿ ಡಯಟೀಷಿಯನ್ ಆಗಿ ನಿಲ್ಲಬೇಕಾದರೆ ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಅಥವಾ ಒಂದು ವರ್ಷದ ಡಯಟೆಟಿಕ್ಸ್ ಸ್ನಾತಕೋತ್ತರ ಡಿಪ್ಲೊಮಾ ಬೇಕು, ಜೊತೆಗೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಬೇಕು. ದೊಡ್ಡ ಆಸ್ಪತ್ರೆಗಳು ಕೇಳುವ ಆರ್.ಡಿ. (ನೋಂದಾಯಿತ ಡಯಟೀಷಿಯನ್) ಅರ್ಹತೆಗಾಗಿ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆಗೆ ಕೂರಲು ಇಷ್ಟೂ ಆಗಿರಬೇಕು. ಬಿ.ಎಸ್ಸಿ. ಮಾತ್ರ ಮುಗಿಸಿದವರಿಗೆ ಕೆಲಸವೇ ಇಲ್ಲವೆಂದಲ್ಲ. ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಣೆ, ತೂಕ ಇಳಿಸುವ ಕೇಂದ್ರಗಳು, ಪೌಷ್ಟಿಕ ಪುಡಿ ಮಾರುವ ಕಂಪನಿಗಳು ಅವರನ್ನು ತೆಗೆದುಕೊಳ್ಳುತ್ತವೆ. ಖಾಸಗಿ ಕಾಲೇಜುಗಳ ಕರಪತ್ರದಲ್ಲಿ ಕಾಣುವ ಪ್ಲೇಸ್‌ಮೆಂಟ್ ಬಹುತೇಕ ಇಂಥವೇ. ಅಲ್ಲಿ ಸಂಬಳ ಕಡಿಮೆ. ಕೆಲವೆಡೆ ಗಿರಾಕಿಗೆ ಏನಾದರೂ ಮಾರಿದರೆ ಮಾತ್ರ ಪೂರ್ತಿ ಸಂಬಳ ಎಂಬ ಷರತ್ತೂ ಇರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಆ ಕಾಲೇಜು ಹೇಳಿದ ಮೊತ್ತವೇ ಮೂರು ವರ್ಷಕ್ಕೆ 7.2 ಲಕ್ಷ ರೂಪಾಯಿ ಆಗುತ್ತದೆ. ಅಷ್ಟು ಸುರಿದ ಮೇಲೆ ನಿಮ್ಮ ತಂಗಿ ಅರ್ಧ ದಾರಿಯಲ್ಲಿ ನಿಂತಿರುತ್ತಾಳೆ. ಮುಂದಿನ ಎರಡು ವರ್ಷಕ್ಕೆ ಮನೆಯಲ್ಲಿ ಹಣ ಉಳಿದಿರುವುದಿಲ್ಲ, ತಲೆಯ ಮೇಲೆ ಸಾಲ ಇರುತ್ತದೆ. ಸಿಕ್ಕ ಕೆಲಸಕ್ಕೆ ಸೇರಿ ಕಂತು ಕಟ್ಟೋಣ ಎನ್ನುವ ಒತ್ತಡ ಬರುತ್ತದೆ. ಜಾಣ ಹುಡುಗಿಯರು ಪೌಷ್ಟಿಕ ಪುಡಿ ಮಾರುವ ಕೆಲಸದಲ್ಲೇ ಉಳಿದುಬಿಡುವುದನ್ನು ನಾನು ಮತ್ತೆ ಮತ್ತೆ ನೋಡಿರುವುದು ಈ ಕಾರಣಕ್ಕೇ. ಅವರ ಬುದ್ಧಿಗೆ ಏನೂ ಕೊರತೆ ಇರಲಿಲ್ಲ, ಮೊದಲ ಮೂರು ವರ್ಷದಲ್ಲೇ ಹಣ ಮುಗಿದಿತ್ತು. ಆದ್ದರಿಂದ ನನ್ನ ಸಲಹೆ ಒಂದೇ: ಪದವಿಯನ್ನು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಆದಷ್ಟು ಅಗ್ಗವಾಗಿ ಮುಗಿಸಿ. ಕೈಯಲ್ಲಿರುವ ಹಣವನ್ನು ಎಂ.ಎಸ್ಸಿ. ಮತ್ತು ಇಂಟರ್ನ್‌ಶಿಪ್‌ಗೆ ಉಳಿಸಿಡಿ. ಕೆಲಸ ಕೊಡುವವರು ಕೊನೆಯ ಪದವಿ ಎಲ್ಲಿಯದು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ ಆಯಿತು ಎಂದು ಕೇಳುತ್ತಾರೆ. ಸಂದರ್ಶನಗಳಲ್ಲಿ ಕುಳಿತಾಗ ಬಿ.ಎಸ್ಸಿ. ಕಾಲೇಜಿನ ಕಟ್ಟಡ ಹೇಗಿತ್ತೆಂದು ನಾನು ಯಾರನ್ನೂ ಕೇಳಿದ್ದಿಲ್ಲ.

ಅಗ್ಗದ ಆದರೆ ಗಟ್ಟಿಯಾದ ಕಾಲೇಜುಗಳು ಎಲ್ಲಿವೆ? ಪೋಷಣೆ ಗೃಹವಿಜ್ಞಾನದ (ಹೋಂ ಸೈನ್ಸ್) ಒಂದು ಭಾಗ, ಆದ್ದರಿಂದ ಅಲ್ಲಿಂದಲೇ ಹುಡುಕೋಣ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಶ್ರೀಮತಿ ವಿ.ಎಚ್.ಡಿ. ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಹೋಂ ಸೈನ್ಸ್ ಹಳೆಯ ಸರ್ಕಾರಿ ಮಹಿಳಾ ಕಾಲೇಜು. ಈಗ ಅದು ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯದ ಭಾಗ. ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಅಲ್ಲಿ ಓದಿದವರು ಎಲ್ಲೆಡೆ ಸಿಗುತ್ತಾರೆ. ಹಾಸನ ಜಿಲ್ಲೆಯ ಹೊಳೆನರಸೀಪುರದಲ್ಲಿ ಸರ್ಕಾರಿ ಗೃಹವಿಜ್ಞಾನ ಕಾಲೇಜು ಇದೆ. ಊರು ಚಿಕ್ಕದಾದ್ದರಿಂದ ಬೆಂಗಳೂರಿಗೆ ಹೋಲಿಸಿದರೆ ಜೀವನದ ಖರ್ಚು ಬಹಳ ಕಡಿಮೆ, ಹೊರಗೆ ಬಾಡಿಗೆ ಕೋಣೆ ಹಿಡಿಯಬೇಕಾಗಿ ಬಂದರೂ ತಡೆದುಕೊಳ್ಳಬಹುದು. ಇವುಗಳಲ್ಲದೆ ಕೆಲವು ಪ್ರಥಮದರ್ಜೆ ಕಾಲೇಜುಗಳಲ್ಲಿ ಪೋಷಣೆಯನ್ನು ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದಂಥ ವಿಷಯಗಳ ಜೊತೆಗೆ ಒಂದು ಮುಖ್ಯ ವಿಷಯವಾಗಿ ಓದಬಹುದು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ವಿಶ್ವವಿದ್ಯಾಲಯದ ನೋಂದಣಿ, ಪರೀಕ್ಷೆ, ಪ್ರಯೋಗಾಲಯ ಎಂದು ಕಟ್ಟಬೇಕಾದದ್ದು ಉಳಿಯುತ್ತದೆ, ಅದು ವರ್ಷಕ್ಕೆ ಕೆಲವೇ ಸಾವಿರಗಳಲ್ಲಿ ಮುಗಿಯುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತದೆ. ಅದರಲ್ಲಿ ಕಾಲೇಜುವಾರು ಯಾವ ವಿಷಯಗಳಿವೆ ಎಂದು ಮನೆಯಲ್ಲೇ ಕುಳಿತು ನೋಡಬಹುದು. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ನಾಲ್ಕು ವರ್ಷ ಕಡ್ಡಾಯ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಸಿಇಟಿ ಬಗ್ಗೆ ನೀವು ಬರೆದದ್ದನ್ನು ಓದಿ ನನಗೆ ಇನ್ನೊಂದು ಬಾಗಿಲು ನೆನಪಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಮಹಾವಿದ್ಯಾಲಯ ಇದೆ, ಹಿಂದೆ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಎನ್ನುತ್ತಿದ್ದರು. ಅಲ್ಲಿನ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಸಮುದಾಯ ವಿಜ್ಞಾನ ಪದವಿಗೆ ಸೀಟು ಹಂಚುವುದು ಕೃಷಿ ಪದವಿಯಂತೆಯೇ ಪರೀಕ್ಷಾ ಪ್ರಾಧಿಕಾರದ ಸಿಇಟಿ ಸುತ್ತುಗಳಲ್ಲಿ. ಬಿ.ಎಸ್ಸಿ. ಕೃಷಿ ಸಿಗದ ರ‍್ಯಾಂಕಿಗೂ ಇಲ್ಲಿ ಸೀಟು ಸಿಗುವುದುಂಟು. ಆಯ್ಕೆ ನಮೂದಿಸುವಾಗ ಎಷ್ಟೋ ಮಂದಿ ಇದನ್ನು ಬರೆಯುವುದೇ ಇಲ್ಲ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನು ಮೊದಲೇ ಬರೆದಿರಬೇಕು. ನಿಮ್ಮ ತಂಗಿ ಬರೆದಿದ್ದಾಳೆಯೇ ಎಂದು ಇವತ್ತೇ ಕೇಳಿ. ಈ ಪದವಿಯ ಮಿತಿಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ಆಹಾರ ಮತ್ತು ಪೋಷಣೆ ಒಂದು ಭಾಗ ಮಾತ್ರ. ಮಾನವ ವಿಕಾಸ, ಜವಳಿ, ಸಂಪನ್ಮೂಲ ನಿರ್ವಹಣೆ, ವಿಸ್ತರಣಾ ಶಿಕ್ಷಣವನ್ನೂ ಓದಬೇಕು. ಆಸ್ಪತ್ರೆಯ ಡಯಟೀಷಿಯನ್ ಆಗುವುದೊಂದೇ ಗುರಿಯಾದರೆ ದಾರಿ ಸ್ವಲ್ಪ ಸುತ್ತು. ಆದರೆ ಹಳ್ಳಿಯಲ್ಲಿ ಉಳಿದು ಮಾಡುವ ಗ್ರಾಮೀಣ ಕಾರ್ಯಾನುಭವ, ಸ್ನಾತಕೋತ್ತರಕ್ಕೆ ಇರುವ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಶಿಷ್ಯವೇತನದ ಪರೀಕ್ಷೆ, ಕೃಷಿ ವಿಜ್ಞಾನ ಕೇಂದ್ರಗಳ ಗೃಹವಿಜ್ಞಾನ ಹುದ್ದೆಗಳು, ಇವೆಲ್ಲ ಬೇರೆ ಪದವಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ. ಶೇಂಗಾ ಬೆಳೆಯುವ ಮನೆಯ ಹುಡುಗಿಗೆ ಇದು ಹೊಂದುವ ಓದು ಎಂದೇ ನನಗೆ ಅನ್ನಿಸುತ್ತದೆ.

ಇವೆರಡೂ ಸಿಗದಿದ್ದರೆ? ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಇರುವ ಬಿ.ಎಸ್ಸಿ. ಮುಗಿಸಿ, ಆಮೇಲೆ ಆಹಾರ ವಿಜ್ಞಾನದ ಕಡೆ ತಿರುಗುವುದು ಮೂರನೆಯ ದಾರಿ. ಖರ್ಚು ಇದರಲ್ಲೇ ಅತ್ಯಂತ ಕಡಿಮೆ, ಅಪಾಯ ಇದರಲ್ಲೇ ಹೆಚ್ಚು. ಕೆಲವು ವಿಶ್ವವಿದ್ಯಾಲಯಗಳು ಜೀವರಸಾಯನಶಾಸ್ತ್ರ ಅಥವಾ ಜೀವವಿಜ್ಞಾನ ಓದಿದವರನ್ನೂ ಆಹಾರ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿಸಿಕೊಳ್ಳುತ್ತವೆ, ಕೆಲವು ಪದವಿಯಲ್ಲಿ ಪೋಷಣೆ ಅಥವಾ ಗೃಹವಿಜ್ಞಾನ ಇರಲೇಬೇಕೆನ್ನುತ್ತವೆ. ಮೂರು ವರ್ಷದ ಬಳಿಕ ನಿಯಮ ಹೇಗಿರುತ್ತದೆಂದು ಯಾರೂ ಮಾತು ಕೊಡಲಾರರು. ಹಾಗಾಗಿ ಈ ದಾರಿ ಹಿಡಿಯುವುದಾದರೆ ಕಳೆದ ವರ್ಷದ ಎಂ.ಎಸ್ಸಿ. ಪ್ರವೇಶ ಅಧಿಸೂಚನೆಗಳನ್ನು ಎರಡು ಮೂರು ವಿಶ್ವವಿದ್ಯಾಲಯಗಳಿಂದ ತೆಗೆದು ಅರ್ಹತೆಯ ಸಾಲನ್ನು ಓದಿ, ಆಮೇಲೆ ವಿಷಯಗಳನ್ನು ಆರಿಸಿ. ರಸಾಯನಶಾಸ್ತ್ರವನ್ನಂತೂ ಬಿಡಬೇಡಿ.

ಎಂ.ಎಸ್ಸಿ. ಹಂತಕ್ಕೆ ಬಂದಾಗ ನಮ್ಮ ರಾಜ್ಯದವರ ಭಾಗ್ಯ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗವಿದೆ. ಅದೇ ಊರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಸೈನ್ಯದ ಊಟದ ಬಗ್ಗೆ ಸಂಶೋಧನೆ ಮಾಡುತ್ತಾ ಬಂದ ರಕ್ಷಣಾ ಪ್ರಯೋಗಾಲಯವೂ ಇದೆ. ಪ್ರಾಜೆಕ್ಟ್ ಮಾಡುವಾಗ ಇಂಥ ನೆರೆಹೊರೆಯ ಬೆಲೆ ಗೊತ್ತಾಗುತ್ತದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೋಷಣೆಯ ವಿಭಾಗವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಅನ್ವಯಿಕ ಪೋಷಣೆಯ ಎಂ.ಎಸ್ಸಿ. ಇದೆ. ಸೀಟು ಕೆಲವೇ, ಪೈಪೋಟಿ ಬಿರುಸು, ಆದರೆ ಸಮುದಾಯ ಆರೋಗ್ಯದ ಕೆಲಸ ಮಾಡಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿ ಕಡಿಮೆ. ಇವೆಲ್ಲ ಸಾರ್ವಜನಿಕ ಸಂಸ್ಥೆಗಳು. ಪದವಿಯಲ್ಲಿ ಉಳಿಸಿದ ಹಣ ಇಲ್ಲಿ ಹಾಸ್ಟೆಲ್‌ಗೂ ಇಂಟರ್ನ್‌ಶಿಪ್‌ಗೂ ಆಗುತ್ತದೆ.

ಇಂಟರ್ನ್‌ಶಿಪ್ ಬಗ್ಗೆ ಕಾಲೇಜಿನವರು ಮೊದಲೇ ಹೇಳದ ಒಂದು ಸಂಗತಿ ಇದೆ. ಆ ಆರು ತಿಂಗಳಿಗೆ ಹಲವು ಆಸ್ಪತ್ರೆಗಳು ಏನೂ ಕೊಡುವುದಿಲ್ಲ, ಕೆಲವು ಇಂಟರ್ನ್‌ಗಳಿಂದಲೇ ಶುಲ್ಕ ಪಡೆಯುತ್ತವೆ. ಮಗ್ಗುಲಿಗೇ ದೊಡ್ಡ ಆಸ್ಪತ್ರೆ ಇರುವ ನಗರದಲ್ಲಿ ಉಳಿದುಕೊಂಡು, ಬೆಳಿಗ್ಗೆ ಎಂಟಕ್ಕೆ ವಾರ್ಡಿನಲ್ಲಿರಬೇಕು. ಹೀಗಾಗಿ ಬಾಡಿಗೆ, ಊಟ, ಓಡಾಟ ಪೂರ್ತಿ ಮನೆಯವರದೇ. ಇದನ್ನು ಎಣಿಸದೆ ಯೋಜನೆ ಹಾಕಿದವರು ಊರಿನ ನರ್ಸಿಂಗ್ ಹೋಂನಲ್ಲಿ ಹೆಸರಿಗೊಂದು ಪ್ರಮಾಣಪತ್ರ ಬರೆಸಿಕೊಂಡು ಬರುತ್ತಾರೆ. ಸಂದರ್ಶನದಲ್ಲಿ ಮೂಗಿನ ನಳಿಕೆಯ ಮೂಲಕ ಕೊಡುವ ಆಹಾರದ ಲೆಕ್ಕ ಕೇಳಿದರೆ ತಡಬಡಿಸುತ್ತಾರೆ. ನೀವು ಸಾಲದ ಬಗ್ಗೆ ಯೋಚಿಸುವುದಾದರೆ ಅದು ಈ ಆರು ತಿಂಗಳಿಗೆ ಇರಲಿ.

ಗೆಳೆಯ ಹೇಳಿದ ದೂರಶಿಕ್ಷಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಗ್ಗದ ಪದವಿ ಎಂದ ತಕ್ಷಣ ಎಲ್ಲರ ಬಾಯಿಗೂ ಬರುವುದು ಅದೇ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಡಯಟೆಟಿಕ್ಸ್ ಎಂ.ಎಸ್ಸಿ. ಓದಿ ಚೆನ್ನಾಗಿ ನೆಲೆನಿಂತವರನ್ನು ನಾನು ಬಲ್ಲೆ. ಈಗ ಕಾಲ ಬದಲಾಗಿದೆ. ಸಂಸತ್ತು 2021ರಲ್ಲಿ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ತಂದಿತು. ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಎರಡೂ ಆ ಕಾಯ್ದೆಯ ಪಟ್ಟಿಯಲ್ಲಿವೆ. ಅದನ್ನು ಅನುಸರಿಸಿ ಯುಜಿಸಿ, ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಪದವಿಯಾಗಲಿ ನಡೆಸುವಂತಿಲ್ಲ ಎಂದು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿರ್ಬಂಧಿಸಿತು. ಮನಶ್ಶಾಸ್ತ್ರಕ್ಕೂ ಇದೇ ನಿರ್ಬಂಧ ಬಂದಿದೆ. ಅಂದರೆ ಇನ್ನು ಮುಂದೆ ಯಾವ ಸಂಸ್ಥೆ ಈ ವಿಷಯದಲ್ಲಿ ದೂರಶಿಕ್ಷಣದ ಹೊಸ ಪ್ರವೇಶ ಕೊಡುತ್ತೇನೆಂದರೂ ನೀವು ಹಿಂದೆ ಸರಿಯಬೇಕು. ಆ ಪದವಿಗೆ ಮಾನ್ಯತೆ ಇರುವುದಿಲ್ಲ.

ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಅಂತೂ ದೂರದ ಮಾತು. ಅದೇ ಕಾಯ್ದೆ ಆರೋಗ್ಯ ಸೇವಾ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಗಳ, ಮೂರರಿಂದ ಆರು ವರ್ಷದ ಪದವಿ ಬೇಕೆನ್ನುತ್ತದೆ. ಸರ್ಟಿಫಿಕೇಟ್ ಹಿಡಿದು ಇನ್‌ಸ್ಟಾಗ್ರಾಂನಲ್ಲಿ ಆಹಾರದ ಪಟ್ಟಿ ಮಾರುವವರು ಇವತ್ತು ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿ ತುರ್ತು ಘಟಕಕ್ಕೆ ಬಂದವರನ್ನು ನೋಡಿದ ಮೇಲೆ, ಆ ಸಾಲಿಗೆ ಇನ್ನೊಬ್ಬಳು ಹುಡುಗಿ ಸೇರುವುದು ನನಗೆ ಬೇಡ. ಪದವಿಯ ಜೊತೆಗೆ ಯಾವುದೋ ಒಂದು ವಿಷಯವನ್ನು ಗಟ್ಟಿ ಮಾಡಿಕೊಳ್ಳಲು ಇಂಥ ಕೋರ್ಸ್ ನೋಡಲಿ, ಪದವಿಯ ಬದಲಿಗೆ ಬೇಡ.

ಆ ಕಾಯ್ದೆಯಡಿಯ ಆಯೋಗ 2025ರಲ್ಲಿ ಪೋಷಣೆ ಮತ್ತು ಡಯಟೆಟಿಕ್ಸ್‌ಗೆ ಏಕರೂಪದ ಪಠ್ಯಕ್ರಮವನ್ನು ಪ್ರಕಟಿಸಿದೆ. ಮುಂದಿನ ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡಲು ನೋಂದಣಿ ಬೇಕಾಗುವ ದಿಕ್ಕಿನಲ್ಲಿ ವಿಷಯ ಸಾಗುತ್ತಿದೆ. ಇಂಥ ಸಂಧಿಕಾಲದಲ್ಲಿ ಸೇರುವ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಪ್ರತಿ ಕಾಲೇಜಿನಲ್ಲೂ ಕೇಳಲೇಬೇಕು: ಈ ಪದವಿ ಪಡೆದವರು ಆಯೋಗದ ಅಡಿಯಲ್ಲಿ ನೋಂದಾಯಿಸಿಕೊಳ್ಳಬಹುದೇ, ಪಠ್ಯಕ್ರಮ ಬದಲಾಗುತ್ತದೆಯೇ? ಬಾಯಿಮಾತಿನ ಉತ್ತರ ಬೇಡ, ಬರಹದಲ್ಲಿ ಕೇಳಿ. ಸರ್ಕಾರಿ ಕಾಲೇಜಿನಲ್ಲೂ ಕೇಳಿ. ಈ ಬದಲಾವಣೆ ಎಲ್ಲರಿಗೂ ಹೊಸತು, ಪ್ರಾಂಶುಪಾಲರೇ ಗೊಂದಲದಲ್ಲಿರಬಹುದು. ಆದರೆ ಈ ಅನಿಶ್ಚಿತತೆಯನ್ನು ಎದುರಿಸುವಾಗ 7 ಲಕ್ಷ ಕಟ್ಟಿದವರಿಗೂ ಕೆಲವು ಸಾವಿರ ಕಟ್ಟಿದವರಿಗೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಯೋಚಿಸಿ ನೋಡಿ.

ಕಾಲೇಜಿಗೆ ಹೋದಾಗ ಕಟ್ಟಡ ನೋಡುವುದಕ್ಕಿಂತ ಹಿರಿಯ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿ ನೋಡಿ. ಅದರ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ, ಪದವಿಯ ಪೂರ್ತಿ ಹೆಸರು ಏನು, ಪೋಷಣೆ ಆರೂ ಸೆಮಿಸ್ಟರ್‌ಗಳಲ್ಲಿ ಮುಖ್ಯ ವಿಷಯವಾಗಿದೆಯೇ ಅಥವಾ ನಡುವೆ ಎಲ್ಲೋ ಒಂದು ಪತ್ರಿಕೆಯಾಗಿದೆಯೇ ಎಂಬುದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ಪದವಿಯ ಹೆಸರಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಆಹಾರ ತಂತ್ರಜ್ಞಾನ ಮತ್ತು ಪೋಷಣೆ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಸರ್ಕಾರಿ ನೇಮಕಾತಿಯಲ್ಲಿ ಅವು ಒಂದೇ ಅಲ್ಲ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಯ ನಿಯಮದಲ್ಲಿ ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎಂದು ಒಂದೊಂದೇ ವಿಷಯವನ್ನು ಹೆಸರಿಸಲಾಗಿದೆ. ನಿಮ್ಮ ತಂಗಿಗೆ ಅಂಥ ಹುದ್ದೆಯ ಮೇಲೂ ಕಣ್ಣಿದ್ದರೆ, ತನ್ನ ಪದವಿಯ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಲಿ. ಅಂಗನವಾಡಿ ಮೇಲ್ವಿಚಾರಕಿಯಂಥ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹುದ್ದೆಗಳಿಗೂ ಅಷ್ಟೆ, ಅಧಿಸೂಚನೆಯ ಅರ್ಹತೆಯ ಸಾಲೇ ಕೊನೆಯ ಮಾತು. 1975ರಲ್ಲಿ ನಮ್ಮ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಆರಂಭವಾದಂದಿನಿಂದ ಈ ಓದಿನವರಿಗೆ ಅಲ್ಲಿ ಕೆಲಸವಿದೆ. ಜಿಲ್ಲಾಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲೂ ಇದೆ, ಅಲ್ಲಿ ಹೆಚ್ಚಿನವು ಗುತ್ತಿಗೆ ಹುದ್ದೆಗಳು. ಖಾಸಗಿ ಆಸ್ಪತ್ರೆಯಲ್ಲಿ ಹೊಸಬರಿಗೆ ಸಿಗುವುದು ನಾನು ಕಂಡಂತೆ ತಿಂಗಳಿಗೆ 20 ಸಾವಿರದ ಆಸುಪಾಸು. ಅದು ಏರುವುದು ಅನುಭವ ಮತ್ತು ಆರ್.ಡಿ. ಬಂದ ಮೇಲೆ. 20 ಸಾವಿರದ ಸಂಬಳದಲ್ಲಿ 7 ಲಕ್ಷದ ಸಾಲ ತೀರಿಸುವುದು ಹೇಗೆಂದು ಅಂಗಡಿ ನಡೆಸುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಹಾಯಧನದ ವಿಷಯದಲ್ಲಿ ನಿಮ್ಮ ತಂಗಿಗೆ ಒಂದು ದೊಡ್ಡ ಅನುಕೂಲವಿದೆ, ಬಹುಶಃ ನೀವು ಅದನ್ನು ಗಮನಿಸಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಪಿಯು ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿಯ ಮೊದಲ ವರ್ಷಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30 ಸಾವಿರ ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ, ಕರ್ನಾಟಕವೂ ಅದರ ವ್ಯಾಪ್ತಿಯಲ್ಲಿದೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿನಿಯ ಇಡೀ ವರ್ಷದ ಶುಲ್ಕ, ಪುಸ್ತಕ, ಮೇಲುಖರ್ಚು ಅದರಲ್ಲಿ ಮುಗಿದು ಸ್ವಲ್ಪ ಉಳಿಯಲೂಬಹುದು. ಖಾಸಗಿ ಕಾಲೇಜಿನ ಶುಲ್ಕದ ಮುಂದೆ ಅದು ಎಲ್ಲಿಗೂ ಸಾಲದು. ಇದಲ್ಲದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವೇತನಕ್ಕೆ ಅರ್ಜಿ ಹಾಕಿಸಿ. ಹಿಂದುಳಿದ ವರ್ಗಕ್ಕೆ ಸೇರಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ–ವಸತಿಗೆ ಹತ್ತು ತಿಂಗಳು ಸಹಾಯಧನ ಸಿಗುತ್ತದೆ. ಅಪ್ಪನ ಹೆಸರಿನಲ್ಲಿ ಜಮೀನು ಇರುವುದರಿಂದ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯನ್ನೂ ವಿಚಾರಿಸಿ. ಬಿ.ಎಸ್ಸಿ. ಓದುವ ಹೆಣ್ಣುಮಕ್ಕಳಿಗೆ ಅದರಲ್ಲಿ ನಿಗದಿಯಾದದ್ದು ವರ್ಷಕ್ಕೆ 5,500 ರೂಪಾಯಿ. ಯಾವುದರ ಜೊತೆ ಯಾವುದನ್ನು ಪಡೆಯಬಹುದು ಎಂಬ ಷರತ್ತುಗಳನ್ನು ಅರ್ಜಿ ಹಾಕುವಾಗ ಓದಿ.

ವಿದ್ಯಾರ್ಥಿವೇತನ ತಪ್ಪಿಹೋಗುವುದು ಬಹುತೇಕ ಬಡತನ ಸಾಬೀತಾಗದೆ ಅಲ್ಲ, ಕಾಗದ ಹೊಂದಿಕೆಯಾಗದೆ. ಆಧಾರ್‌ನಲ್ಲಿರುವ ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಕೂಡದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದು ಅರ್ಜಿಗಳು ಬಿದ್ದುಹೋಗುತ್ತವೆ. ಪ್ರವೇಶಕ್ಕೆ ಓಡಾಡುವ ಮೊದಲು ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಸರ್ಕಾರಿ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಅರ್ಜಿ ಕರೆಯುವುದು ಕಾಲೇಜಿಗೆ ಸೇರಿದ ಬಳಿಕವೇ, ದಿನಾಂಕ ಮಾತ್ರ ಬೇಗ ಮುಗಿಯುತ್ತದೆ. ಊರಿಗೆ ಹೋಗಿಬರುವ ಖರ್ಚು ಎಣಿಸುವ ಅಗತ್ಯವಿಲ್ಲ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವಳ ಪ್ರಯಾಣ ಉಚಿತ. ಧಾರವಾಡವಾಗಲಿ ಹೊಳೆನರಸೀಪುರವಾಗಲಿ ಹಿರಿಯೂರಿನಿಂದ ದೂರವೆಂದು ಅಮ್ಮ ಹಿಂಜರಿದರೆ ಇದನ್ನು ಅವರಿಗೆ ಹೇಳಿ.

ಖಾಸಗಿ ಕಾಲೇಜನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಬೋಧನಾ ಆಸ್ಪತ್ರೆಯನ್ನು ತನ್ನ ಆವರಣದಲ್ಲೇ ಇಟ್ಟುಕೊಂಡಿರುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರು ಎರಡನೆಯ ವರ್ಷದಿಂದಲೇ ರೋಗಿಗಳನ್ನು ನೋಡುತ್ತಾರೆ, ಅದು ಸಣ್ಣ ಲಾಭವಲ್ಲ. ಸಾಲವಿಲ್ಲದೆ ಕಟ್ಟಬಲ್ಲವರು ಅಲ್ಲಿ ಓದಲಿ. ನಿಮಗೆ ಹೇಳಿರುವ ಕಾಲೇಜು ಆ ಜಾತಿಯದೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಳೆದ ಎರಡು ತಂಡಗಳ ವಿದ್ಯಾರ್ಥಿನಿಯರು ಯಾವ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿದರು, ಎಷ್ಟು ಮಂದಿ ಎಂ.ಎಸ್ಸಿ.ಗೆ ಹೋದರು ಎಂದು ಕೇಳಿ, ಅವರಲ್ಲಿ ಇಬ್ಬರ ಜೊತೆ ಮಾತನಾಡಿಸಿ ಎನ್ನಿ. ಒಳ್ಳೆಯ ಕಾಲೇಜಿನವರು ಅರ್ಧ ಗಂಟೆಯಲ್ಲಿ ಮಾತನಾಡಿಸುತ್ತಾರೆ.

ಕೊನೆಗೆ ನಿಮ್ಮ ಸಾಲದ ಪ್ರಶ್ನೆ. ಪದವಿಗಾಗಿ ಈಗ ಸಾಲ ಮಾಡಬೇಡಿ, ಕೈಸಾಲ ಮತ್ತು ಚಿನ್ನದ ಸಾಲವಂತೂ ಬೇಡ. ಮೂರು ವರ್ಷದ ಬಳಿಕ ಎಂ.ಎಸ್ಸಿ.ಗೆ ಅಗತ್ಯ ಬಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ ಇದೆ. 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳಬಾರದು ಎಂಬ ನಿಯಮವಿದೆ, ಓದು ಮುಗಿದು ಸ್ವಲ್ಪ ಕಾಲ ಕಳೆಯುವವರೆಗೆ ಕಂತು ಆರಂಭವಾಗುವುದಿಲ್ಲ. ಅಷ್ಟರವರೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಯನ್ನು ಅಂಚೆ ಕಚೇರಿಯ ಆವರ್ತ ಠೇವಣಿ (ಇದನ್ನೂ ಆರ್.ಡಿ. ಎನ್ನುತ್ತಾರೆ) ಖಾತೆಗೆ ತಂಗಿಯ ಹೆಸರಿನಲ್ಲಿ ಕಟ್ಟುತ್ತಾ ಬಂದರೆ ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 72 ಸಾವಿರ ಸೇರಿರುತ್ತದೆ. ಸಾರ್ವಜನಿಕ ವಿಶ್ವವಿದ್ಯಾಲಯದ ಎಂ.ಎಸ್ಸಿ. ಶುಲ್ಕದ ದೊಡ್ಡ ಪಾಲಿಗೆ ಅದು ಒದಗುತ್ತದೆ. ಈ ವಾರ ಮಾಡಬೇಕಾದದ್ದು ಇಷ್ಟು: ಸಿಇಟಿಯ ಮುಂದಿನ ಸುತ್ತಿಗೆ ಆಯ್ಕೆ ಬದಲಿಸಲು ಅವಕಾಶ ಇದೆಯೇ ನೋಡಿ, ಇದ್ದರೆ ಸಮುದಾಯ ವಿಜ್ಞಾನವನ್ನು ಸೇರಿಸಿ. ಯುಯುಸಿಎಂಎಸ್‌ನಲ್ಲಿ ಎರಡೂ ಸರ್ಕಾರಿ ಗೃಹವಿಜ್ಞಾನ ಕಾಲೇಜುಗಳಿಗೆ ಅರ್ಜಿ ಹಾಕಿಸಿ. ಮಧ್ಯವರ್ತಿ ಮತ್ತೆ ಫೋನ್ ಮಾಡಿದರೆ, ಕಾಲೇಜಿನ ಹೆಸರಿನ ರಸೀದಿ ಮತ್ತು ಶುಲ್ಕದ ಪೂರ್ತಿ ವಿವರವನ್ನು ಬರಹದಲ್ಲಿ ಕಳಿಸಿ ಎಂದು ಹೇಳಿ.